ಹುಲಿಗಿಯ ಚೌಡಿಕೆ: ಒಂದು ತಂತಿಯ ಕಲಿಕೆಯ ಇತಿಹಾಸ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಯ ತಂತಿವಾದ್ಯಗಳಲ್ಲಿ ಚೌಡಿಕೆಗೆ ಇರುವ ಸ್ಥಾನವನ್ನು ಅದರ ನಾದದಿಂದ ಎಷ್ಟು ಅರಿಯಬಹುದೋ ಅದಕ್ಕಿಂತ ಹೆಚ್ಚಾಗಿ ಅದನ್ನು ಕಲಿಯುತ್ತಿದ್ದ ಬಗೆಯಿಂದ ಅರಿಯಬೇಕಾಗುತ್ತದೆ. ಎಲ್ಲಮ್ಮ ಹಾಗೂ ಹುಲಿಗೆಮ್ಮನ ಜೋಗತಿಯರು, ಅಂದರೆ ದೇವಿಯ ಹೆಸರಿನಲ್ಲಿ ಕೊರಳಿಗೆ ಮುತ್ತು ಕಟ್ಟಿಸಿಕೊಂಡು ಆಕೆಯ ಸೇವೆಗೆ ಸಂದವರು, ಹಾಡಿಗೆ ಜೊತೆಯಾಗಿ ನುಡಿಸುವ ಈ ವಾದ್ಯದ ರಚನೆ ಬಹಳ ಸರಳವಾದದ್ದು. ಟೊಳ್ಳಾದ ಒಂದು ಕೊಳಗದ ಒಂದು ಬಾಯಿಗೆ ಚರ್ಮ ಬಿಗಿದು, ಆ ಚರ್ಮದ ನಡುವಿನಿಂದ ನರದ ತಂತಿಯೊಂದನ್ನು ಒಳಗಡೆಯಿಂದ ಹಾಯಿಸಿ, ತೆರೆದ ಇನ್ನೊಂದು ಬಾಯಿಯಿಂದ ಹೊರಗೆಳೆದು, ಅದರ ತುದಿಗೆ ಒಂದು ಸಣ್ಣ ಹಿಡಿಯನ್ನು ಕಟ್ಟಿರುತ್ತಾರೆ. ಕೊಳಗವನ್ನು ಎಡಗಂಕುಳಲ್ಲಿ ಅವುಚಿಕೊಂಡು, ಎಡಗೈಯಿಂದ ಹಿಡಿಯನ್ನು ಎಳೆಯುತ್ತ ಸಡಿಲಿಸುತ್ತ, ಬಲಗೈಯ ಕಡ್ಡಿಯಿಂದ ತಂತಿಯನ್ನು ಮೀಟಿದಾಗ ಸ್ವರ ಏರುತ್ತದೆ, ಇಳಿಯುತ್ತದೆ.

ಭರತನ ನಾಟ್ಯಶಾಸ್ತ್ರ ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು, ಎಂದರೆ ತಂತಿಯವು, ಚರ್ಮ ಬಿಗಿದವು, ಲೋಹದ ತಾಳಗಳಂಥವು, ಊದುವಂಥವು ಎಂದು ನಾಲ್ಕಾಗಿ ವಿಂಗಡಿಸಿದರೆ, ಚೌಡಿಕೆ ಮೊದಲೆರಡು ವರ್ಗಗಳ ನಡುವೆ ನಿಂತು ಯಾವುದಕ್ಕೂ ಪೂರ್ಣವಾಗಿ ಒಪ್ಪಿಸಿಕೊಳ್ಳುವುದಿಲ್ಲ. 1914ರಲ್ಲಿ ವಾದ್ಯಗಳ ವರ್ಗೀಕರಣವನ್ನು ರೂಪಿಸಿದ ಜರ್ಮನ್ ಭಾಷೆಯ ವಿದ್ವಾಂಸರಾದ ಹಾರ್ನ್‌ಬಾಸ್ಟೆಲ್ ಮತ್ತು ಸಾಕ್ಸ್ ಇಂಥವನ್ನು ಮೀಟುವ ಚರ್ಮವಾದ್ಯಗಳೆಂದು ಪ್ರತ್ಯೇಕವಾಗಿ ಇರಿಸಿದರು. ಬಂಗಾಳದ ಬಾವುಲರ ಖಮಕ್ ಮತ್ತು ಮಹಾರಾಷ್ಟ್ರದ ಚೌಂಡಕೆ ಇದೇ ಕುಲಕ್ಕೆ ಸೇರಿದವು. ಪರಶುರಾಮನು ತಾನು ಕೊಂದ ಅಸುರನ ದೇಹದ ಭಾಗಗಳಿಂದ ಚೌಡಿಕೆಯನ್ನು ಮಾಡಿ ತಾಯಿ ರೇಣುಕೆಯ, ಅಂದರೆ ಎಲ್ಲಮ್ಮನ, ಮುಂದೆ ನುಡಿಸಿದನೆಂಬ ಕಥೆಯನ್ನು ಭಕ್ತರು ಹೇಳುತ್ತಾರೆ.

ಚೌಡಿಕೆಯ ಕಲಿಕೆ ಯಾಕೆ ಕಷ್ಟದ್ದು ಎಂಬುದನ್ನು ಕಿನ್ನರಿಯ ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ. 13ನೆಯ ಶತಮಾನದ ಶಾರ್ಙ್ಗದೇವನ ಸಂಗೀತರತ್ನಾಕರದಲ್ಲಿ ವರ್ಣಿತವಾದ, 12ನೆಯ ಶತಮಾನದ ಶರಣ ಕಿನ್ನರಿ ಬೊಮ್ಮಯ್ಯನ ಹೆಸರಿನಲ್ಲಿ ಉಳಿದಿರುವ, ಅರ್ಜುನ ಜೋಗಿಯ ಕಥೆ ಹಾಡುವ ಜೋಗಿಗಳ ಕೈಯಲ್ಲಿ ಈಚಿನವರೆಗೂ ಬಾಳಿದ ಕಿನ್ನರಿಗೆ ಮೆಟ್ಟಿಲುಗಳಿವೆ, ಅಂದರೆ ಬೆರಳು ಎಲ್ಲಿ ಒತ್ತಿದರೆ ಯಾವ ಸ್ವರ ಹೊರಡುತ್ತದೆ ಎಂಬುದನ್ನು ವಾದ್ಯವೇ ತೋರಿಸಿಕೊಡುತ್ತದೆ. ಚೌಡಿಕೆಗೆ ಮೆಟ್ಟಿಲೂ ಇಲ್ಲ, ತಂತಿಯನ್ನು ಒಂದೇ ಬಿಗಿಯಲ್ಲಿ ನಿಲ್ಲಿಸುವ ಬಿರಡೆಯೂ ಇಲ್ಲ. ಸ್ವರದ ಸ್ಥಾನವಿರುವುದು ನುಡಿಸುವವರ ತೋಳಿನ ಬಲದಲ್ಲಿ. ಮಳೆಗಾಲದ ತೇವಕ್ಕೆ ಚರ್ಮ ಸಡಿಲಗೊಂಡಾಗ ಅದೇ ಸ್ವರಕ್ಕೆ ಬೇರೆಯದೇ ಎಳೆತ ಬೇಕಾಗುವುದರಿಂದ, ನಿನ್ನೆಯ ಅಳತೆ ಇಂದಿಗೆ ಒದಗುವುದಿಲ್ಲ.

ಈ ಸೀಮೆಯಲ್ಲಿ ಕಲಿಕೆಯ ಕೇಂದ್ರವಾಗಿದ್ದುದು ಕೊಪ್ಪಳ ತಾಲೂಕಿನ ಹುಲಿಗಿ. ಮುನಿರಾಬಾದಿನ ಬಳಿ, ತುಂಗಭದ್ರೆಯ ಎಡದಂಡೆಯಲ್ಲಿರುವ ಹುಲಿಗೆಮ್ಮನ ಗುಡಿಗೆ ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಗಳಲ್ಲಿ ಸುತ್ತಲಿನ ತಾಲೂಕುಗಳಿಂದ ಬರುವ ಭಕ್ತರ ನಡುವೆ ಚೌಡಿಕೆ ಮೇಳಗಳು ನೆರೆಯುತ್ತಿದ್ದವು. ಮುಖ್ಯ ಹಾಡುಗಾರ್ತಿಯ ಕೈಯಲ್ಲಿ ಚೌಡಿಕೆ, ಪಕ್ಕದವಳ ಕೈಯಲ್ಲಿ ಒಂದೇ ಸ್ವರವನ್ನು ಹಿಡಿದು ನಿಲ್ಲುವ ಶ್ರುತಿ ಎಂಬ ಒಂಟಿತಂತಿ, ಇನ್ನೊಬ್ಬಳ ಕೈಯಲ್ಲಿ ತಾಳ, ತಲೆಯ ಮೇಲೆ ಕೊಡ ಅಥವಾ ದೇವಿಯ ಮೂರ್ತಿಯ ಜಗವನ್ನು ಹೊತ್ತು ಕುಣಿಯುವವರು ಮತ್ತೊಬ್ಬರು, ಹೀಗೆ ಮೇಳ ಕೂಡುತ್ತದೆ. ಹೊಸಬರು ಹಿಮ್ಮೇಳದಲ್ಲಿ ನಿಂತು ಪಲ್ಲವಿಯನ್ನು ಮರುನುಡಿಯುತ್ತ, ಜೋಗಕ್ಕೆ, ಅಂದರೆ ದೇವಿಯ ಹೆಸರಿನ ಭಿಕ್ಷೆಗೆ, ಮನೆಮನೆ ತಿರುಗುವಾಗ ಹಿರಿಯಳ ಕೈಯನ್ನು ನೋಡುತ್ತ ಕಲಿಯುತ್ತಿದ್ದರು. ನುಡಿ ಮುಗಿದು ಮತ್ತೊಂದು ನುಡಿ ತೊಡಗುವ ನಡುವಿನ ಬಿಡುವಿನಲ್ಲಿ ಚೌಡಿಕೆ ಒಂಟಿಯಾಗಿ ನುಡಿಯುತ್ತದೆ. ಹಾಡಿನ ಧಾಟಿಯನ್ನೇ ತಿರುವಿ, ಕೆಲವೊಮ್ಮೆ ಮಾತನ್ನೇ ಅನುಕರಿಸುವಂತೆ ಎಳೆದು ನುಡಿಸುವ ಈ ತುಣುಕುಗಳಲ್ಲಿಯೇ ಒಬ್ಬ ಜೋಗತಿಯ ಕೈ ಇನ್ನೊಬ್ಬಳ ಕೈಯಿಂದ ಬೇರೆಯಾಗಿ ಗುರುತಿಸಿಕೊಳ್ಳುತ್ತಿತ್ತು.

ಇಂಥ ಕಲಿಕೆ ಲೋಕಕ್ಕೆ ಅಪರೂಪದ್ದಲ್ಲ. ಅಮೆರಿಕದ ದಕ್ಷಿಣದ ಹತ್ತಿಹೊಲಗಳಲ್ಲಿ ಬಿಳಿಯರ ಹಳ್ಳಿಹಾಡಾದ ಕಂಟ್ರಿಯೂ ಕಪ್ಪುಜನರ ಬ್ಲೂಸ್ ಲಯವೂ ಕೂಡಿ 1950ರ ದಶಕದಲ್ಲಿ ರಾಕಬಿಲಿ ಎಂಬ ಗಿಟಾರ್ ಶೈಲಿ ಹುಟ್ಟಿತು. ಅದರ ಮೊದಲಿಗರಲ್ಲಿ ಒಬ್ಬನಾದ ಟೆನೆಸಿಯ ಕಾರ್ಲ್ ಪರ್ಕಿನ್ಸ್‌ಗೆ ತಂದೆ ಸಿಗಾರಿನ ಪೆಟ್ಟಿಗೆಗೆ ಕಸಬರಿಗೆಯ ಕೋಲು ಜೋಡಿಸಿ ಗಿಟಾರ್ ಮಾಡಿಕೊಟ್ಟಿದ್ದನು, ನುಡಿಸುವುದನ್ನು ಕಲಿಸಿದವನು ಅದೇ ಹೊಲದಲ್ಲಿ ದುಡಿಯುತ್ತಿದ್ದ ಜಾನ್ ವೆಸ್ಟ್‌ಬ್ರೂಕ್ ಎಂಬ ಕಪ್ಪು ಹಿರಿಯ. ಆದರೆ 1954ರಲ್ಲಿ ಮೆಂಫಿಸಿನ ಸನ್ ಸ್ಟುಡಿಯೋದಲ್ಲಿ ಎಲ್ವಿಸ್ ಪ್ರೆಸ್ಲಿಯ ಹಾಡಿನ ನಡುವೆ ಸ್ಕಾಟಿ ಮೂರ್ ನುಡಿಸಿದ ಗಿಟಾರಿನ ತುಣುಕು ಪ್ಲೇಟಿನ ಮೇಲೆ ಉಳಿದುದರಿಂದ ಮುಂದಿನ ತಲೆಮಾರಿಗೆ ಗುರುವಿನ ಸಾಮೀಪ್ಯ ಬೇಕಾಗಲಿಲ್ಲ. ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ಪ್ಲೇಟನ್ನು 16 ಸುತ್ತಿಗೆ ಇಳಿಸಿದರೆ ವೇಗ ಅರ್ಧವಾಗಿ ನಾದ ಒಂದು ಸ್ಥಾಯಿ ಕೆಳಗಿಳಿಯುತ್ತದೆ, ಆಗ ಒಂದೊಂದೇ ಸ್ವರವನ್ನು ಹೆಕ್ಕಿ ಗಿಟಾರಿನ ಮೆಟ್ಟಿಲಿನ ಮೇಲೆ ಹುಡುಕಿಕೊಳ್ಳಬಹುದು. ಚೌಡಿಕೆಯ ವಿಷಯದಲ್ಲಿ ಈ ಉಪಾಯ ಅರ್ಧದಾರಿಗೇ ನಿಲ್ಲುತ್ತದೆ. 1980ರ ದಶಕದಿಂದ ಜಾತ್ರೆಯ ಅಂಗಡಿಗಳಲ್ಲಿ ಬಿಕರಿಯಾದ ಎಲ್ಲಮ್ಮನ ಹಾಡುಗಳ ಕ್ಯಾಸೆಟ್ಟು ಸ್ವರವನ್ನು ಕೇಳಿಸಿತೇ ಹೊರತು ಆ ಸ್ವರಕ್ಕೆ ತೋಳನ್ನು ಎಷ್ಟು ಎಳೆಯಬೇಕು ಎಂಬುದನ್ನು ತೋರಿಸಲಿಲ್ಲ. ಜಾನಪದ ವಿದ್ವಾಂಸರು ಜೋಗತಿಯರ ಹಾಡಿನ ಸಾಹಿತ್ಯಕ್ಕೆ ಕೊಟ್ಟ ಗಮನವನ್ನು ನುಡಿಸುವ ಕೈಗೆ ಕೊಡಲಿಲ್ಲವೆಂಬುದೂ ನಿಜ, ಅದು ಸಣ್ಣ ಲೋಪವೇನಲ್ಲ.

ಹೀಗೆ ಬೇಕಾಗಿದ್ದ ಸಾಮೀಪ್ಯವನ್ನು ಶತಮಾನಗಳ ಕಾಲ ಒದಗಿಸಿದ್ದು ಮುತ್ತು ಕಟ್ಟುವ ಪದ್ಧತಿ, ಮತ್ತು ಈ ಇತಿಹಾಸದ ನೋವಿನ ಗಂಟು ಇರುವುದು ಅಲ್ಲಿಯೇ. ಬಹುಪಾಲು ಪರಿಶಿಷ್ಟ ಜಾತಿಗಳ ಹೆಣ್ಣುಮಕ್ಕಳನ್ನು ಎಳವೆಯಲ್ಲಿಯೇ ದೇವಿಗೆ ಅರ್ಪಿಸಿ, ಮದುವೆಯ ಹಕ್ಕನ್ನು ಕಸಿದು, ಉಳ್ಳವರ ಲೈಂಗಿಕ ಶೋಷಣೆಗೆ ಒಡ್ಡುತ್ತಿದ್ದ ದೇವದಾಸಿ ಪದ್ಧತಿಯನ್ನು ತಡೆಯಲು ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಮದರಾಸು ಪ್ರಾಂತದಲ್ಲಿ 1947ರಲ್ಲಿ ಕಾಯ್ದೆಗಳಾದವು. ಹೊಳೆಯಾಚೆಯ ಹೊಸಪೇಟೆ ಮದರಾಸಿನ ಬಳ್ಳಾರಿ ಜಿಲ್ಲೆಗೆ ಸೇರಿದ್ದರೆ, ಈಚೆಯ ಹುಲಿಗಿ ನಿಜಾಮನ ಹೈದರಾಬಾದ್ ಸಂಸ್ಥಾನದೊಳಗಿತ್ತು; ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರಾಗಿದ್ದವು. ಆದಕಾರಣ ಈ ಎರಡೂ ಕಾಯ್ದೆಗಳು ಎಡದಂಡೆಯ ಊರುಗಳಿಗೆ ಅನ್ವಯಿಸುತ್ತಿರಲಿಲ್ಲ, ತುಂಗಭದ್ರೆ ಇಲ್ಲಿ ಕಾನೂನಿನ ಗಡಿಯೂ ಆಗಿತ್ತು. 1956ರಲ್ಲಿ ಈ ಭಾಗ ವಿಶಾಲ ಮೈಸೂರಿಗೆ ಸೇರಿದ ಮೇಲೂ ಇಡೀ ರಾಜ್ಯಕ್ಕೆ ಒಂದೇ ನಿಷೇಧ ಬರಲು 1982ರ ಕರ್ನಾಟಕ ದೇವದಾಸಿಯರ ಸಮರ್ಪಣಾ ನಿಷೇಧ ಕಾಯ್ದೆಯವರೆಗೆ ಕಾಯಬೇಕಾಯಿತು, ಅದು ಜಾರಿಗೆ ಬಂದದ್ದು 1984ರಲ್ಲಿ.

ನಿಷೇಧದಿಂದ ಚೌಡಿಕೆ ಕ್ಷೀಣಿಸಿತೆಂದು ಮರುಗುವವರು, ಆ ಕಲೆ ಉಳಿದುಬರಲು ಯಾರು ಬೆಲೆ ತೆತ್ತರು ಎಂಬುದನ್ನು ಮೊದಲು ಲೆಕ್ಕ ಹಾಕಬೇಕು. ಹೆಣ್ಣುಮಕ್ಕಳ ಬದುಕಿಗೆ ಬದಲಾಗಿ ಉಳಿಸಿಕೊಳ್ಳಬೇಕಾದ ಸಂಗೀತ ಯಾವುದೂ ಇಲ್ಲ. ಅದೇ ಹೊತ್ತಿಗೆ, ಪದ್ಧತಿಯನ್ನು ಕಳಚಿಟ್ಟರೂ ವಾದ್ಯ ಬಾಳಬಲ್ಲದೆಂಬುದಕ್ಕೆ ಆಧಾರಗಳೂ ಇವೆ. ಬಳ್ಳಾರಿ ಸೀಮೆಯ ಕಲ್ಲುಕಂಬದವರಾದ, ಹುಲಿಗೆಮ್ಮನ ಸನ್ನಿಧಿಯಲ್ಲಿ ಜೋಗಪ್ಪ ದೀಕ್ಷೆ, ಅಂದರೆ ಗಂಡಾಗಿ ಹುಟ್ಟಿ ಹೆಣ್ಣಾಗಿ ದೇವಿಯ ಸೇವೆಗೆ ಸಲ್ಲುವವರ ದೀಕ್ಷೆ, ಪಡೆದ ಮಂಜಮ್ಮ ಜೋಗತಿ ಅವರು ಕಾಳವ್ವ ಜೋಗತಿಯವರಿಂದ ಕಲಿತ ಕಲೆಯನ್ನು ಗುಡಿಯ ಅಂಗಳದಿಂದ ರಂಗಮಂಚಕ್ಕೆ ತಂದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು. ರಂಗಮಂಚ ಜೋಗತಿ ಕುಣಿತಕ್ಕೆ ಕೊಟ್ಟಷ್ಟು ಬೆಳಕನ್ನು ಪಕ್ಕದಲ್ಲಿ ಕುಳಿತ ಚೌಡಿಕೆಗೆ ಕೊಡಲಿಲ್ಲವೆಂಬುದು ಬೇರೆ ಮಾತು.

ಎಡದಂಡೆಯ ಹಳ್ಳಿಗಳಲ್ಲಿ ಇನ್ನೂ ನುಡಿಸಬಲ್ಲ ವಯಸ್ಸಾದ ಜೋಗತಿಯರ ಎಡಗೈ ಕಾಣುವ ಹಾಗೆ ಅವರ ವಾದನವನ್ನು ಚಿತ್ರೀಕರಿಸುವುದು, ಅವರನ್ನು ಸಂಬಳ ಪಡೆಯುವ ಶಿಕ್ಷಕಿಯರನ್ನಾಗಿ ನೇಮಿಸಿ ಜಾತಿ ಲಿಂಗಗಳ ಭೇದವಿಲ್ಲದೆ ಕಲಿಯಬಯಸುವವರೆಲ್ಲರನ್ನು ಅವರ ಪಕ್ಕದಲ್ಲಿ ಕೂರಿಸುವುದು, ಇವೆರಡೂ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕಾಗಲಿ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕಾಗಲಿ ಮೀರಿದ ಕೆಲಸಗಳಲ್ಲ. ಆ ಹಿರಿಯರು ಇರುವಾಗಲೇ ಅವು ಆಗಬೇಕು.