ಬಣ್ಣ ಇಲ್ಲದ ಪಾನಿ (ಭಾಗ 6)

ನಮ್ಮ ಬಂಗಾರಪೇಟೆ ಪಾನಿಪುರಿ ಫೇಮಸ್ ಆಗಿದ್ದೇ ಬಣ್ಣ ಇಲ್ಲದ ಪಾನಿಗೆ. ನೋಡೋಕೆ ಬರೀ ನೀರು, ಬಾಯಿಗಿಟ್ರೆ ಖಾರ!

ಕಲಬೆರಕೆ ತಡೆಯೋ ಕಾನೂನು ದೇಶಕ್ಕೆ 1954ರಲ್ಲೇ ಬಂತು. ಆದ್ರೆ ಬೀದಿ ತಿಂಡಿಯ ಬಣ್ಣ ನಮ್ಮ ರಾಜ್ಯದಲ್ಲಿ ದೊಡ್ಡ ಸುದ್ದಿ ಆಗಿದ್ದು 2024ರಲ್ಲಿ. ಲ್ಯಾಬ್‌ಗೆ ಹೋದ 171 ಗೋಬಿ ಸ್ಯಾಂಪಲ್‌ಗಳಲ್ಲಿ 107ರಲ್ಲಿ ಕೃತಕ ಬಣ್ಣ ಸಿಕ್ತು. ಮಾರ್ಚ್‌ನಲ್ಲಿ, ಬಟ್ಟೆಗೆ ಹಾಕೋ ರೋಡಮೈನ್-ಬಿ ಬಣ್ಣವನ್ನ ತಿಂಡಿಗೆ ಬಳಸೋದು ನಿಷೇಧ ಆಯ್ತು. ಆಮೇಲೆ ಪಾನಿಪುರಿ ಸರದಿ: 260ರಲ್ಲಿ 41 ಸ್ಯಾಂಪಲ್ ಬಣ್ಣದಿಂದಲೇ ಅಸುರಕ್ಷಿತ, ಇನ್ನೂ 18 ತಿನ್ನೋಕೇ ಯೋಗ್ಯ ಇರ್ಲಿಲ್ಲ.

ಹಾಗಾದ್ರೆ ನಮ್ಮೂರಿನ ಪಾನಿ ಸೇಫಾ? ಅವಸರ ಬೇಡ. ಬಣ್ಣ ಕಣ್ಣಿಗೆ ಕಾಣುತ್ತೆ, ಬ್ಯಾಕ್ಟೀರಿಯಾ ಕಾಣಲ್ಲ. ತಿಳಿಯಾಗಿರೋ ನೀರೆಲ್ಲ ಶುದ್ಧ ಅಲ್ಲ. ಅದನ್ನ ಹೇಳೋಕೆ ಲ್ಯಾಬೇ ಬೇಕು. ಊರಿನ ಹೆಸರು ಉಳೀಬೇಕಂದ್ರೆ ನೀರಿನ ಟೆಸ್ಟೂ ಆಗ್ಲಿ. ಅಲ್ಲೀವರೆಗೂ ಗಾಡಿ ಮುಂದೆ ನಿಂತಾಗ ಕೇಳೋಣ: "ಅಣ್ಣಾ, ಇದು ಯಾವ ನೀರು?"