ದೂರವನ್ನು ಹತ್ತಿರ ತಂದ ಗಾಜು: ಟೆಲಿಫೋಟೊ ಲೆನ್ಸಿನ ನೂರಮೂವತ್ತು ವರ್ಷ

ಚಳಿಗಾಲ ಬಂತೆಂದರೆ ನಮ್ಮ ಸಂಘದ ವಾಟ್ಸಾಪ್ ಗುಂಪುಗಳಲ್ಲಿ ರಾಜಹಂಸಗಳ ಚಿತ್ರಗಳು ಹರಿದಾಡತೊಡಗುತ್ತವೆ. ದುಬೈಯ ರಾಸ್ ಅಲ್ ಖೋರ್, ಅಬುಧಾಬಿಯ ಅಲ್ ವತ್ಬಾ ಎಂದು ರಜೆಯ ದಿನ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಡುವ ಕನ್ನಡಿಗರು ಈಗ ಸಾಕಷ್ಟು ಮಂದಿ ಇದ್ದಾರೆ. ಚಿತ್ರ ನೋಡಿದವರು ಕೇಳುವ ಮೊದಲ ಪ್ರಶ್ನೆ ಒಂದೇ: “ಯಾವ ಲೆನ್ಸು? ಎಷ್ಟಾಯ್ತು?” ಈ ಪ್ರಶ್ನೆಗೆ ಅಂಗಡಿಯ ದರಪಟ್ಟಿಯಲ್ಲಿ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಉಳಿದರ್ಧ ಇತಿಹಾಸದಲ್ಲಿದೆ. ಒಂದು ಲೆನ್ಸು ಯಾಕೆ ಐದು ಕಿಲೋ ತೂಗುತ್ತದೆ, ಇನ್ನೊಂದು ಯಾಕೆ ಅರ್ಧ ಕಿಲೋದಲ್ಲೇ ಮುಗಿಯುತ್ತದೆ ಎಂಬುದು ತಿಳಿದರೆ, ನಮ್ಮ ದುಡಿಮೆಯ ದುಡ್ಡನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದೂ ತಿಳಿಯುತ್ತದೆ.

ಛಾಯಾಗ್ರಹಣ ಹುಟ್ಟಿದ ಮೇಲೆ ಅರ್ಧ ಶತಮಾನ ಕಾಲ ಕಾಡುಪ್ರಾಣಿಗಳ ಚಿತ್ರ ತೆಗೆಯುವುದು ಹೆಚ್ಚು ಕಡಿಮೆ ಆಗದ ಮಾತಾಗಿತ್ತು. ದೂರದ ವಸ್ತು ದೊಡ್ಡದಾಗಿ ಮೂಡಬೇಕಾದರೆ ಲೆನ್ಸಿನ ಸಂಗಮದೂರ ಹೆಚ್ಚಬೇಕು. ಸಾಧಾರಣ ಲೆನ್ಸಿನಲ್ಲಿ ಸಂಗಮದೂರ ಹೆಚ್ಚಿದಷ್ಟೂ ಕ್ಯಾಮೆರಾದ ಪೆಟ್ಟಿಗೆಯೂ ಉದ್ದವಾಗಲೇಬೇಕು. ಒಂದು ಮೀಟರ್ ಸಂಗಮದೂರ ಬೇಕೆಂದರೆ ಒಂದು ಮೀಟರ್ ಉದ್ದದ ಪೆಟ್ಟಿಗೆ! 1891ರಲ್ಲಿ ಇದಕ್ಕೆ ಪರಿಹಾರ ಸಿಕ್ಕಿತು. ಇಂಗ್ಲೆಂಡಿನ ಥಾಮಸ್ ಡಾಲ್‌ಮಾಯರ್, ಜರ್ಮನಿಯ ಅಡಾಲ್ಫ್ ಮೀಟೆ ಮತ್ತು ಸ್ಟೈನ್‌ಹೈಲ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆಯೇ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಒಂದೇ ಉಪಾಯ ಕಂಡುಕೊಂಡರು. ಮುಂದೆ ಉಬ್ಬು ಮಸೂರಗಳ ಗುಂಪು, ಹಿಂದೆ ತಗ್ಗು ಮಸೂರಗಳ ಗುಂಪು. ಮುಂದಿನದು ಬೆಳಕನ್ನು ಕೂಡಿಸಿ ತರುತ್ತದೆ, ಹಿಂದಿನದು ಆ ಕಿರಣಗಳನ್ನು ತುಸು ಅಗಲಿಸಿ ಚಿತ್ರವನ್ನು ದೊಡ್ಡದು ಮಾಡುತ್ತದೆ. ಹೀಗಾಗಿ ಲೆನ್ಸಿನ ಉದ್ದ ಅದರ ಸಂಗಮದೂರಕ್ಕಿಂತ ಕಡಿಮೆಯಾಯಿತು. ಟೆಲಿಫೋಟೊ ಎಂಬ ಹೆಸರಿನ ನಿಜವಾದ ಅರ್ಥ ಇಷ್ಟೇ: ತನ್ನ ಸಂಗಮದೂರಕ್ಕಿಂತ ಗಿಡ್ಡವಾದ ಲೆನ್ಸು.

ಉದ್ದದ ತೊಂದರೆ ತೀರಿತು, ಆದರೆ ಬೆಳಕಿನ ತೊಂದರೆ ಶುರುವಾಯಿತು. ಅಂದಿನ ಟೆಲಿಫೋಟೊ ಲೆನ್ಸುಗಳು ಒಳಬಿಡುತ್ತಿದ್ದ ಬೆಳಕು ತೀರಾ ಕಡಿಮೆ, ಗಾಜಿನ ಫಲಕಗಳ ಬೆಳಕು ಹೀರುವ ಶಕ್ತಿಯೂ ಕಡಿಮೆ. ಬೆಟ್ಟ ಅಲ್ಲಾಡದೆ ನಿಲ್ಲುತ್ತದೆ, ಜಿಂಕೆ ನಿಲ್ಲುತ್ತದೆಯೇ? ಆದ್ದರಿಂದ ಮೊದಲ ವನ್ಯಜೀವಿ ಛಾಯಾಗ್ರಾಹಕರು ಲೆನ್ಸಿಗಿಂತ ಉಪಾಯವನ್ನೇ ಹೆಚ್ಚು ನಂಬಿದರು. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕೀರ್ಟನ್ ಸಹೋದರರು ಟೊಳ್ಳು ಎತ್ತಿನ ಬೊಂಬೆಯೊಳಗೆ ಅಡಗಿ ಕುಳಿತು ಹಕ್ಕಿಗಳ ಚಿತ್ರ ತೆಗೆದರು. 1895ರಲ್ಲಿ ಹಕ್ಕಿಗೂಡುಗಳ ಮೇಲೆ ಅವರು ತಂದ ಪುಸ್ತಕದ ಚಿತ್ರಗಳೆಲ್ಲ ನಿಸರ್ಗದಲ್ಲೇ ತೆಗೆದ ಫೋಟೊಗಳಾಗಿದ್ದವು. ಅಮೆರಿಕದ ಜಾರ್ಜ್ ಶೀರಸ್ ರಾತ್ರಿ ದೋಣಿಯಲ್ಲಿ ಹೋಗಿ ಫ್ಲ್ಯಾಶ್ ಪುಡಿ ಸಿಡಿಸಿ ಜಿಂಕೆಗಳ ಚಿತ್ರ ತೆಗೆದರು. 1906ರ ಜುಲೈ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವರ 74 ಚಿತ್ರಗಳನ್ನು ಅಚ್ಚು ಹಾಕಿತು. ನಮ್ಮ ದೇಶದಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ ಹುಲಿಯ ದಾರಿಗೆ ಅಡ್ಡಲಾಗಿ ತಂತಿ ಕಟ್ಟಿದರು. ಹುಲಿಯ ಕಾಲು ತಂತಿಗೆ ತಗುಲಿದೊಡನೆ ಚಿತ್ರ ಮೂಡುತ್ತಿತ್ತು. ಅವರ ಪುಸ್ತಕ ಬಂದದ್ದು 1927ರಲ್ಲಿ. ಇಂದು ಹುಲಿ ಗಣತಿಗೆ ಬಳಸುವ ಕ್ಯಾಮೆರಾ ಟ್ರ್ಯಾಪಿನ ಅಜ್ಜ ಅದು.

ಮುಂದಿನ ತಿರುವು ಬಂದದ್ದು ಲೆನ್ಸಿನಿಂದಲ್ಲ, ಫಿಲ್ಮಿನಿಂದ. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾ ಸಿನಿಮಾ ಫಿಲ್ಮಿನ ಮೇಲೆ 24 ಮಿ.ಮೀ. ಎತ್ತರ, 36 ಮಿ.ಮೀ. ಅಗಲದ ಪುಟ್ಟ ಚಿತ್ರ ಮೂಡಿಸಿತು. ಚೌಕಟ್ಟು ಚಿಕ್ಕದಾದರೆ ಅದೇ ಲೆನ್ಸು ಹೆಚ್ಚು ದೂರ ನೋಡಿದಂತೆ ಆಗುತ್ತದೆ, ಯಾಕೆಂದರೆ ಚಿತ್ರದ ನಡುಭಾಗವನ್ನಷ್ಟೇ ಅದು ಹಿಡಿಯುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಎಂಬತ್ತಮೂರು ವರ್ಷಗಳ ನಂತರ ಇದೇ ಉಪಾಯ ಮತ್ತೆ ಬರುತ್ತದೆ. ಆಮೇಲೆ ಬಂದವು ಕನ್ನಡಿಯಿದ್ದ ಎಸ್‌ಎಲ್‌ಆರ್ ಕ್ಯಾಮೆರಾಗಳು. 1959ರ ನಿಕಾನ್ ಎಫ್ ಹೊತ್ತಿಗೆ ಅವು ಪಳಗಿದ್ದವು. ಲೆನ್ಸು ಕಂಡದ್ದನ್ನೇ ಕಣ್ಣೂ ಕಾಣುವಂತಾದ್ದರಿಂದ ಉದ್ದದ ಲೆನ್ಸಿನಲ್ಲಿ ಹಕ್ಕಿಯನ್ನು ಹುಡುಕುವುದು, ಫೋಕಸ್ ಮಾಡುವುದು ಸಾಧ್ಯವಾಯಿತು.

ಕರ್ನಾಟಕದ ವನ್ಯಜೀವಿ ಛಾಯಾಗ್ರಹಣ ಬೆಳೆದದ್ದು ಈ ಕಾಲದಲ್ಲೇ. ಬೆಂಗಳೂರಿನ ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್, ಸಂಡೂರಿನ ಎಂ. ವೈ. ಘೋರ್ಪಡೆ ದೇಶಕ್ಕೇ ಹೆಸರಾದರು. ರಾಜ್ಯದ ಹಣಕಾಸು ಸಚಿವರೂ ಆಗಿದ್ದ ಘೋರ್ಪಡೆಯವರ ವನ್ಯಜೀವಿ ಚಿತ್ರಗಳ ಪುಸ್ತಕ ಬಂದದ್ದು 1983ರಲ್ಲಿ. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ತೋಟದ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದು, ಕನ್ನಡ ನಾಡಿನ ಹಕ್ಕಿಗಳ ಬಗ್ಗೆ ಕನ್ನಡದಲ್ಲೇ ಪುಸ್ತಕ ಬರೆದರು. ಒಂದು ರೋಲಿಗೆ 36 ಚಿತ್ರ, ತೊಳೆಸಿ ನೋಡುವ ತನಕ ಬಂದಿದೆಯೋ ಇಲ್ಲವೋ ಗೊತ್ತಿಲ್ಲ. ಆಗ ಇದು ಸಮಯವೂ ಅನುಕೂಲವೂ ಇದ್ದವರ ಹವ್ಯಾಸ. ವಾರಕ್ಕೆ ಒಂದು ದಿನ ರಜೆ ಸಿಗುವ ಕಾರ್ಮಿಕನಿಗೋ ಪಾಳಿಯಲ್ಲಿ ದುಡಿಯುವ ನರ್ಸಿಗೋ ಎಟುಕುವ ವಸ್ತು ಆಗಿರಲಿಲ್ಲ.

ಎಟುಕುವಂತೆ ಮಾಡಿದ ಹೆಜ್ಜೆಗಳನ್ನು ಬೇಗ ನೋಡಿಬಿಡೋಣ. ಉದ್ದದ ಲೆನ್ಸಿನಲ್ಲಿ ಬಣ್ಣಗಳು ಒಂದೇ ಕಡೆ ಕೂಡದೆ ಅಂಚಿನಲ್ಲಿ ನೇರಳೆ, ಹಸಿರು ಗೆರೆ ಕಾಣುತ್ತಿದ್ದವು. 1969ರಲ್ಲಿ ಕ್ಯಾನನ್ ಕಂಪನಿ ಫ್ಲೋರೈಟ್ ಹರಳಿನ ಮಸೂರವನ್ನು 300 ಮಿ.ಮೀ. ಲೆನ್ಸಿನಲ್ಲಿ ಬಳಸಿ ಈ ದೋಷವನ್ನು ಬಹಳ ಮಟ್ಟಿಗೆ ತಗ್ಗಿಸಿತು. 1985ರಲ್ಲಿ ಮಿನೋಲ್ಟಾ 7000 ಕ್ಯಾಮೆರಾದೊಡನೆ ಆಟೋಫೋಕಸ್ ಜನರ ಕೈಗೆ ಬಂತು. 1995ರಲ್ಲಿ ಕೈ ನಡುಕವನ್ನು ಲೆನ್ಸೇ ಸರಿದೂಗಿಸುವ ವ್ಯವಸ್ಥೆ ಕ್ಯಾನನ್ನಿನ 75-300 ಮಿ.ಮೀ. ಲೆನ್ಸಿನಲ್ಲಿ ಬಂತು. ತೂಕವೂ ಇಳಿಯುತ್ತಾ ಬಂತು. ಅದೇ ಕಂಪನಿಯ 600 ಮಿ.ಮೀ. ಎಫ್ 4 ಲೆನ್ಸು 1999ರಲ್ಲಿ 5 ಕಿಲೋ 360 ಗ್ರಾಂ ಇದ್ದದ್ದು, 2018ರ ಹೊತ್ತಿಗೆ 3 ಕಿಲೋ 50 ಗ್ರಾಂ ಆಯಿತು. ಬೆಲೆ ಮಾತ್ರ ಇಳಿಯಲಿಲ್ಲ. ಊರಲ್ಲಿ ಒಂದು ಹೊಸ ಕಾರಿನ ಬೆಲೆಯ ಲೆನ್ಸು ನಮಗೆ ಎಲ್ಲಿಂದ ಬರಬೇಕು?

2008ರಲ್ಲಿ ಒಲಿಂಪಸ್ ಮತ್ತು ಪ್ಯಾನಸಾನಿಕ್ ಕಂಪನಿಗಳು ಸೇರಿ ಮೈಕ್ರೊ ಫೋರ್ ಥರ್ಡ್ಸ್ ಎಂಬ ಪದ್ಧತಿ ಹೊರಡಿಸಿದವು. ಆ ವರ್ಷ ಬಂದ ಪ್ಯಾನಸಾನಿಕ್ ಜಿ1 ಕ್ಯಾಮೆರಾದಲ್ಲಿ ಕನ್ನಡಿಯೇ ಇರಲಿಲ್ಲ. ಅದರ ಸೆನ್ಸರ್ 17.3 ಮಿ.ಮೀ. ಅಗಲ, 13 ಮಿ.ಮೀ. ಎತ್ತರ. ಲೈಕಾ ಮಾಡಿದ ಹಳೆಯ ಉಪಾಯವೇ ಮತ್ತೊಮ್ಮೆ: ಚೌಕಟ್ಟು ಇನ್ನೂ ಚಿಕ್ಕದಾಯಿತು, 300 ಮಿ.ಮೀ. ಲೆನ್ಸು ದೊಡ್ಡ ಕ್ಯಾಮೆರಾದ 600 ಮಿ.ಮೀ. ಲೆನ್ಸು ನೋಡುವಷ್ಟೇ ಕಿರಿದಾದ ನೋಟ ಕೊಟ್ಟಿತು. 2010ರಲ್ಲಿ ಬಂದ ಪ್ಯಾನಸಾನಿಕ್ 100-300 ಮಿ.ಮೀ. ಲೆನ್ಸಿನ ತೂಕ 520 ಗ್ರಾಂ ಮಾತ್ರ. ಮೊದಮೊದಲು ಈ ಕ್ಯಾಮೆರಾಗಳ ಫೋಕಸ್ ನಿಧಾನ, ಕೂತ ಹಕ್ಕಿ ಸಿಕ್ಕರೂ ಹಾರುವ ಹಕ್ಕಿ ಸಿಗುತ್ತಿರಲಿಲ್ಲ. ಸೆನ್ಸರಿನ ಮೇಲೆಯೇ ಫೋಕಸ್ ಅಳೆಯುವ ಬಿಂದುಗಳು ಬಂದ ಮೇಲೆ ಆ ಕೊರತೆಯೂ ನೀಗಿತು. 2016ರಲ್ಲಿ 985 ಗ್ರಾಮಿನ ಪ್ಯಾನಸಾನಿಕ್ ಲೈಕಾ 100-400 ಮಿ.ಮೀ., ಒಲಿಂಪಸ್ 300 ಮಿ.ಮೀ. ಎಫ್ 4, ಫ್ಯೂಜಿಫಿಲ್ಮ್ 100-400 ಮಿ.ಮೀ. ಎಲ್ಲವೂ ಒಂದೇ ವರ್ಷ ಬಂದವು. 2020ರಲ್ಲಿ ಕ್ಯಾನನ್ ದೊಡ್ಡ ಸೆನ್ಸರಿನ ಮಿರರ್‌ಲೆಸ್ ಕ್ಯಾಮೆರಾಗಳಿಗಾಗಿ 930 ಗ್ರಾಮಿನ 600 ಮಿ.ಮೀ. ಎಫ್ 11 ಲೆನ್ಸು ತಂದಿತು.

ಐದು ಕಿಲೋ ಎಲ್ಲಿ, 930 ಗ್ರಾಂ ಎಲ್ಲಿ! ಇದರಲ್ಲಿ ಮಾಯೆ ಏನೂ ಇಲ್ಲ, ಒಂದು ಭಾಗಾಕಾರ ಇದೆ. ಲೆನ್ಸಿನ ಮೇಲೆ ಬರೆದ ಮಿ.ಮೀ. ಸಂಖ್ಯೆಯನ್ನು ಎಫ್ ಸಂಖ್ಯೆಯಿಂದ ಭಾಗಿಸಿ. 600 ಭಾಗಿಸು 4, ಅಂದರೆ 150 ಮಿ.ಮೀ. 600 ಭಾಗಿಸು 11, ಅಂದರೆ ಸುಮಾರು 55 ಮಿ.ಮೀ. ಬೆಳಕು ಒಳಗೆ ಬರುವ ಬಾಗಿಲಿನ ಅಗಲ ಅದು. ಗಾಜಿನ ತೂಕವೂ ಬೆಲೆಯೂ ಹೆಚ್ಚಾಗಿ ಈ ಬಾಗಿಲಿನ ಅಗಲವನ್ನೇ ಅವಲಂಬಿಸಿವೆ. 300 ಮಿ.ಮೀ. ಎಫ್ 4ಕ್ಕೆ 75 ಮಿ.ಮೀ. ಬಾಗಿಲು. ಅಂಗಡಿಯವನು “ಇದು 600ಕ್ಕೆ ಸಮ ಸಾರ್” ಎಂದಾಗ ನೋಟದ ಮಟ್ಟಿಗೆ ಅವನ ಮಾತು ನಿಜ. ಆದರೆ ಚಿಕ್ಕ ಸೆನ್ಸರಿನ ವಿಸ್ತೀರ್ಣ ದೊಡ್ಡದರ ಸುಮಾರು ಕಾಲು ಭಾಗ. ಕೂಡುವ ಒಟ್ಟು ಬೆಳಕೂ ಅಷ್ಟೇ ಕಡಿಮೆ. ಮುಸ್ಸಂಜೆಯಲ್ಲಿ ಚಿತ್ರ ಕಾಳುಕಾಳಾಗಿ ಬರುವುದು ಇದರಿಂದಲೇ.

ಔಷಧದ ಕೌಂಟರಿನಲ್ಲಿ ನಿಂತ ನನ್ನಂಥವರಿಗೆ “ಸ್ವಲ್ಪ ಸ್ಟ್ರಾಂಗ್ ಇರೋದು ಕೊಡಿ” ಎಂಬ ಮಾತು ದಿನವೂ ಕಿವಿಗೆ ಬೀಳುತ್ತದೆ. ಕಾಯಿಲೆ ಏನು, ದೇಹದ ತೂಕ ಎಷ್ಟು ಎಂದು ನೋಡದೆ ಡೋಸ್ ಹೇಳಲಾಗುವುದಿಲ್ಲ. ಲೆನ್ಸಿನ ವಿಷಯವೂ ಹಾಗೆಯೇ. ಎಲ್ಲಿ ತೆಗೆಯುತ್ತೀರಿ ಎಂಬುದು ಮೊದಲು, ಎಷ್ಟು ಮಿ.ಮೀ. ಎಂಬುದು ಆಮೇಲೆ.

ಗಲ್ಫಿನ ಬಯಲಲ್ಲಿ ಬೆಳಕಿಗೆ ಬರವಿಲ್ಲ. ಬೆಳಗಿನ ಬಿಸಿಲಲ್ಲಿ ಎಫ್ 6.3 ಆಗಲಿ ಎಫ್ 11 ಆಗಲಿ ಧಾರಾಳ ಸಾಕು, ಕಿರಿದಾದ ಬಾಗಿಲಿನ ಹಗುರ ಲೆನ್ಸಿಗೆ ಹೇಳಿ ಮಾಡಿಸಿದ ಜಾಗ ಇದು. ಇಲ್ಲಿನ ಶತ್ರು ಬೇರೆ: ಬಿಸಿಗಾಳಿ. ಹೊತ್ತೇರಿದ ಮೇಲೆ ನೆಲದಿಂದೇಳುವ ಝಳ ದೂರದ ರಾಜಹಂಸವನ್ನು ನೀರಿನಲ್ಲಿ ಕಲಸಿದಂತೆ ಮಾಡುತ್ತದೆ. ಬಿಸಿಲ್ಗುದುರೆ ಕುಣಿಯುವ ಹೊತ್ತಿನಲ್ಲಿ 300 ಮಿ.ಮೀ. ಬದಲು 800 ಮಿ.ಮೀ. ಹಾಕಿದರೆ ಆ ಕುಣಿತವೂ ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಅದಕ್ಕೆ ಮದ್ದು ಲೆನ್ಸಿನಲ್ಲಿಲ್ಲ, ಬೇಗ ಏಳುವುದರಲ್ಲಿದೆ. ಇನ್ನೊಂದು ಶತ್ರು ಮರಳು. ಕನ್ನಡಿಯಿಲ್ಲದ ಕ್ಯಾಮೆರಾದಲ್ಲಿ ಲೆನ್ಸು ತೆಗೆದರೆ ಎಷ್ಟೋ ಮಾದರಿಗಳಲ್ಲಿ ಸೆನ್ಸರ್ ಬರಿಮೈಯಲ್ಲಿ ನಿಂತಿರುತ್ತದೆ. ಗಾಳಿಯಲ್ಲಿ ಲೆನ್ಸು ಬದಲಿಸುವ ಕೆಲಸವೇ ಬೇಡ ಎನ್ನುವವರಿಗೆ 100-300 ಅಥವಾ 100-400ರಂಥ ಒಂದೇ ಜೂಮ್ ಒಳ್ಳೆಯದು.

ರಜೆಯಲ್ಲಿ ಊರಿಗೆ ಹೋದಾಗ ಲೆಕ್ಕ ಬದಲಾಗುತ್ತದೆ. ನಾಗರಹೊಳೆಯ ಮರಗಳ ಕೆಳಗೆ ಬೆಳಗಿನ ಜಾವ, ಮಳೆಗಾಲದ ಮೋಡ. ಅಲ್ಲಿ ಎಫ್ 11 ತಿಣುಕುತ್ತದೆ, ಬಾಗಿಲು ಅಗಲವಿದ್ದಷ್ಟೂ ಒಳ್ಳೆಯದು. ಜೀಪಿನ ಪಕ್ಕಕ್ಕೇ ಆನೆ ಬಂದು ನಿಂತರೆ 600 ಮಿ.ಮೀ. ಲೆನ್ಸಿಗೆ ಅದರ ಕಣ್ಣು ಮಾತ್ರ ಸಿಗುತ್ತದೆ, ಅಲ್ಲೂ ಜೂಮ್ ಬೇಕು. ಸಲೀಂ ಅಲಿಯವರ ಮಾತಿನಂತೆ ಮೈಸೂರು ಅರಸರು 1940ರಲ್ಲಿ ಪಕ್ಷಿಧಾಮ ಮಾಡಿದ ರಂಗನತಿಟ್ಟಿನಲ್ಲಿ ಚಿತ್ರ ತೆಗೆಯುವುದು ದೋಣಿಯಲ್ಲಿ ಕೂತು. ಅಲ್ಲಾಡುವ ದೋಣಿಯಲ್ಲಿ ಟ್ರೈಪಾಡಿನಿಂದ ಪ್ರಯೋಜನ ಕಡಿಮೆ. ನಡುಕ ತಡೆಯುವ ಹಗುರ ಲೆನ್ಸು ಹಿಡಿದವನಿಗೆ ಹೆಜ್ಜಾರ್ಲೆಯೂ ಸಿಗುತ್ತದೆ, ಬಣ್ಣದ ಕೊಕ್ಕರೆಯೂ ಸಿಗುತ್ತದೆ. ವಿಮಾನದ ಏಳು ಕಿಲೋ ಕೈಚೀಲದಲ್ಲಿ ಮಕ್ಕಳ ಚಾಕಲೇಟಿಗೂ ಜಾಗ ಉಳಿಯುತ್ತದೆ.

ದುಡ್ಡು ಇನ್ನೂ ಕಡಿಮೆಯೇ? ಇತಿಹಾಸ ಅಲ್ಲೂ ನೆರವಾಗುತ್ತದೆ. ಕನ್ನಡಿ ಹೋದ ಮೇಲೆ ಲೆನ್ಸಿಗೂ ಸೆನ್ಸರಿಗೂ ನಡುವಿನ ಜಾಗ ಕಿರಿದಾಯಿತು. ಅಲ್ಲಿ ಒಂದು ಅಡಾಪ್ಟರ್ ಕೂರಿಸಿದರೆ ಫಿಲ್ಮ್ ಕಾಲದ ಹಳೆಯ ಲೆನ್ಸುಗಳೂ ಕೆಲಸಕ್ಕೆ ಬರುತ್ತವೆ. ಫೋಕಸ್ ಕೈಯಲ್ಲೇ ಮಾಡಬೇಕು, ಕೂತ ಹಕ್ಕಿಗೆ ಅದು ಸಾಕು. ಕಂತಿನಲ್ಲಿ ದೊಡ್ಡ ಲೆನ್ಸು ತರುವ ಮೊದಲು ಅಂಥದ್ದೊಂದರಲ್ಲಿ ಒಂದು ಚಳಿಗಾಲ ಕಳೆದು ನೋಡಬಹುದು. ಹವ್ಯಾಸ ಉಳಿಯುತ್ತದೋ ಇಲ್ಲವೋ ಅಷ್ಟರಲ್ಲಿ ಗೊತ್ತಾಗುತ್ತದೆ.

ಕೊನೆಯದಾಗಿ, ನಾವು ಬದುಕುತ್ತಿರುವ ಈ ಮರುಭೂಮಿಯದೇ ಒಂದು ಕಥೆ. ಬಿಳಿಯ ಅರೇಬಿಯನ್ ಓರಿಕ್ಸ್ ಜಿಂಕೆ ಇಲ್ಲಿನ ಬಯಲಿನ ಒಡೆಯನಾಗಿತ್ತು. ಮೋಟಾರು ಗಾಡಿ ಮತ್ತು ಬಂದೂಕು ದೂರವನ್ನು ಅಳಿಸಿಹಾಕಿದ ಮೇಲೆ ಅದಕ್ಕೆ ಓಡಲು ಜಾಗ ಉಳಿಯಲಿಲ್ಲ. 1972ರಲ್ಲಿ ಕಾಡಿನ ಕೊನೆಯ ಓರಿಕ್ಸ್‌ಗಳು ಓಮನ್ನಿನಲ್ಲಿ ಬೇಟೆಗೆ ಬಲಿಯಾದವು. ಮೃಗಾಲಯಗಳಲ್ಲಿ ಉಳಿದಿದ್ದ ಸಂತತಿಯನ್ನು ಬೆಳೆಸಿ 1982ರಲ್ಲಿ ಅದೇ ಓಮನ್ನಿನ ಬಯಲಿಗೆ ಮತ್ತೆ ಬಿಡಬೇಕಾಯಿತು. ಟೆಲಿಫೋಟೊ ಲೆನ್ಸು ದೂರವನ್ನು ಅಳಿಸುವುದಿಲ್ಲ, ಪ್ರಾಣಿಗೆ ಅದರ ದೂರವನ್ನು ಬಿಟ್ಟುಕೊಟ್ಟು ನಮಗೆ ನೋಟವನ್ನಷ್ಟೇ ಕೊಡುತ್ತದೆ. 400 ಮಿ.ಮೀ. ಲೆನ್ಸು ಕೈಯಲ್ಲಿಟ್ಟುಕೊಂಡೂ ಗೂಡಿನ ಹತ್ತಿರಕ್ಕೆ ಹೋಗುವವನು, ರಾಜಹಂಸ ಹಾರಲಿ ಎಂದು ಚಪ್ಪಾಳೆ ತಟ್ಟುವವನು, ನೂರಮೂವತ್ತು ವರ್ಷದ ಈ ದುಡಿಮೆಯನ್ನು ನೀರಿಗೆ ಹಾಕಿದಂತೆ. ನಿಮ್ಮ ಕೈಲಿರುವ ಲೆನ್ಸಿಗೆ ಹಕ್ಕಿ ಚಿಕ್ಕದಾಗಿ ಕಂಡರೆ ಚಿಕ್ಕದಾಗಿಯೇ ತೆಗೆಯಿರಿ. ಸುತ್ತಲಿನ ನೀರು, ಹಿಂದಿನ ಎತ್ತರದ ಕಟ್ಟಡಗಳು, ನಡುವೆ ಒಂಟಿಕಾಲಲ್ಲಿ ನಿಂತ ಹಕ್ಕಿ. ನಾವು ಬದುಕಿದ ಊರಿನ ಚಿತ್ರವೂ ಅದರಲ್ಲಿ ಉಳಿಯುತ್ತದೆ.