ಸ್ಟಾರ್ಟ್ ಬಟನ್ ತಗದಾಗ ಮಂದಿ ಏನಂದರು

ಇತಿಹಾಸ ಅಂದಕೂಡಲೇ ನಮ್ಮ ಭಾಗದವರಿಗೆ ಅಕ್ಕಲಕೋಟೆಯ ಸಂಸ್ಥಾನ, ಸೊಲ್ಲಾಪುರದ ಕೋಟೆ, 1956ರ ರಾಜ್ಯ ವಿಂಗಡಣೆ ಇವೇ ನೆನಪಿಗೆ ಬರುತ್ತವೆ. ಆದರ ಮೊನ್ನೆ ಮೊನ್ನೆ ನಡೆದದ್ದಕ್ಕೂ ಇತಿಹಾಸ ಅದ. ಕಂಪ್ಯೂಟರಿನ ಪಡದೆ ಮ್ಯಾಲಿನ ಒಂದು ಸಣ್ಣ ಬಟನ್ ತಗದದ್ದಕ್ಕ ಜಗತ್ತಿನ ಮಂದಿ ಹೆಂಗ ಸಿಟ್ಟಾದರು, ಕಂಪನಿ ಹೆಂಗ ಹಿಂದ ಸರೀತು, ಅದರಾಗ ನಮ್ಮ ಕನ್ನಡದ ಕಥಿ ಏನು ಅನ್ನೂದನ್ನ ಮಾಸ್ತರರಿಂದ ಕೇಳಿ ತಿಳಿದಷ್ಟು ಇಲ್ಲಿ ಬರೆದೀನಿ.

ಕಂಪ್ಯೂಟರಿನ ಡಬ್ಬಿ, ಪಡದೆ, ಕೀಲಿಮಣೆ ಇವು ಬರೀ ಸಾಮಾನು. ಅವನ್ನೆಲ್ಲ ನಡೆಸುವ ಒಳಗಿನ ಕಾರಭಾರಿಗೆ ಆಪರೇಟಿಂಗ್ ಸಿಸ್ಟಮ್ ಅಂತಾರ. ವಾಡೇದಾಗ ಕಾರಭಾರಿ ಯಾರಿಗೆ ಯಾವ ಕೆಲಸ ಅಂತ ಹಚ್ಚಿಕೊಡತಿದ್ದನಲ್ಲ, ಹಂಗ. ನಮ್ಮ ದೇಶದ ಶಾಲಿ, ಕಚೇರಿಗಳಲ್ಲಿ ಹೆಚ್ಚಾಗಿ ಕಾಣುವುದು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್.

1995ರ ಆಗಸ್ಟ್ 24ರಂದು ವಿಂಡೋಸ್ 95 ಬಿಡುಗಡೆ ಆಯಿತು. ಅಮೆರಿಕದಾಗ ಮಂದಿ ನಡುರಾತ್ರಿ ಅಂಗಡಿ ಮುಂದ ಪಾಳಿ ಹಚ್ಚಿ ನಿಂತು ಅದನ್ನು ಕೊಂಡರು. ಪಡದೆಯ ಎಡಕ್ಕ, ಕೆಳಗಿನ ಮೂಲ್ಯಾಗ ‘ಸ್ಟಾರ್ಟ್’ ಅನ್ನುವ ಬಟನ್ ಮೊದಲ ಸಲ ಬಂದದ್ದು ಆಗಲೇ. ಅದನ್ನು ಒತ್ತಿದರೆ ಎಲ್ಲ ಕೆಲಸದ ಯಾದಿ ತೆರೆಯುತ್ತಿತ್ತು. ಕಂಪ್ಯೂಟರ್ ಬಂದ್ ಮಾಡೂದೂ ಅಲ್ಲಿಂದಲೇ. 17 ವರ್ಷ ಜನರ ಕೈ ಆ ಮೂಲಿಗೇ ಹೋಗಿ ಹೋಗಿ ರೂಢಿ ಆಯಿತು.

ಆ ವಿಂಡೋಸ್ 95ರಾಗ ಕನ್ನಡ ಇರಲಿಲ್ಲ. ನಮ್ಮವರು ತಾವೇ ದಾರಿ ಮಾಡಿಕೊಂಡರು. ಕೆ.ಪಿ. ರಾವ್ ಅವರು ಕನ್ನಡಕ್ಕೆ ಸರಳವಾದ ಕೀಲಿಮಣೆ ವಿನ್ಯಾಸ ಕೊಟ್ಟರು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು ‘ನುಡಿ’ ಸಿದ್ಧಪಡಿಸಿತು. ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರೂ ಕಂಪ್ಯೂಟರಿನಲ್ಲಿ ಕನ್ನಡ ಬರಲೇಬೇಕೆಂದು ಹಟ ಹಿಡಿದು ದುಡಿದರು. ಆದರ ಆಗಿನ ಅಕ್ಷರಗಳಿಗೆ ಒಂದು ತೊಡಕಿತ್ತು. ಇಂಗ್ಲಿಷ್ ಅಕ್ಷರದ ಜಾಗಾದಾಗ ಕನ್ನಡ ಅಕ್ಷರ ಕೂಡಿಸಿದ್ದರು. ಇಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆಯನ್ನು ಆ ಅಕ್ಷರ ಇಲ್ಲದ ಬೇರೆ ಕಂಪ್ಯೂಟರಿನಾಗ ತಗದರ ವರನ ಹೆಸರೂ ಇಲ್ಲ, ವಧುವಿನ ಹೆಸರೂ ಇಲ್ಲ, ಬರೀ ಇಂಗ್ಲಿಷ್ ಗೀಚು.

ಈ ತೊಡಕಿಗೆ ಪರಿಹಾರ ಯೂನಿಕೋಡ್. ಜಗತ್ತಿನ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಗೊತ್ತುಮಾಡಿದ ಪದ್ಧತಿ ಇದು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೂ ವಿಂಡೋಸಿನಾಗ ಅದು ಬಂದದ್ದು 2001ರ ಅಕ್ಟೋಬರ್ 25ರಂದು ಹೊರಬಿದ್ದ ಎಕ್ಸ್‌ಪಿಯಲ್ಲಿ. ಅದರ ಕನ್ನಡ ಅಕ್ಷರಕ್ಕೆ ‘ತುಂಗಾ’ ಅಂತ ನಮ್ಮ ಹೊಳೆಯ ಹೆಸರು. ಅದೂ ತಾನಾಗಿ ಕಾಣುತ್ತಿರಲಿಲ್ಲ, ಸಿ.ಡಿ. ಹಾಕಿ ಬೇರೆ ಜೋಡಿಸಬೇಕಿತ್ತು. ಅದಕ್ಕ ಬಂದದ್ದು ಎಷ್ಟೋ ಮಂದಿಗೆ ಗೊತ್ತೇ ಆಗಲಿಲ್ಲ. ಗೊತ್ತಾದವರೂ ಹಳೇ ಕಡತಗಳೆಲ್ಲ ಹಳೇ ಅಕ್ಷರದಾಗ ಇದ್ದುದರಿಂದ ಲಗೂನ ಬದಲಾಗಲಿಲ್ಲ.

ಈಗ ಬಟನ್ ಮಾತಿಗೆ ಬರೋಣ. 2012ರ ಅಕ್ಟೋಬರ್ 26ರಂದು ವಿಂಡೋಸ್ 8 ಬಂತು. ಬೆರಳಿನಿಂದ ಮುಟ್ಟಿ ನಡೆಸುವ ಪಡದೆಗಳ ಕಾಲ ಬಂದದ ಅಂತ ಕಂಪನಿಯವರು ಪೂರಾ ರೂಪ ಬದಲಿಸಿದರು. ಪಡದೆ ತುಂಬ ಬಣ್ಣದ ಚೌಕಗಳು. ಸ್ಟಾರ್ಟ್ ಬಟನ್ ಮಾಯ. ಕಂಪ್ಯೂಟರ್ ಬಂದ್ ಮಾಡುವ ಜಾಗ ಬಲಗಡೆಯ ಅಂಚಿನಾಗ ಅಡಗಿ ಕುಂತಿತ್ತು. ಹತ್ತಾರು ವರ್ಷ ಕೆಲಸ ಮಾಡಿದವರೂ “ಇದನ್ನ ಬಂದ್ ಮಾಡೂದು ಹೆಂಗ?” ಅಂತ ಕೇಳುವಂತಾಯಿತು. ಹೊಸಾದು ಚುರುಕಾಗಿ ಶುರು ಆಗತದ, ಮುಟ್ಟುವ ಪಡದೆಗೆ ಚೊಲೋ ಅದ ಅಂದವರೂ ಇದ್ದರು. ಆದರ ಇಲಿ ಹಿಡಿದು ಕೆಲಸ ಮಾಡುವವರದೇ ದೊಡ್ಡ ಸಂಖ್ಯೆ, ಅವರದೇ ದೊಡ್ಡ ಕೂಗು. ಹೊರಗಿನವರು ಹಳೇ ಯಾದಿ ತಿರುಗಿ ತರುವ ‘ಕ್ಲಾಸಿಕ್ ಶೆಲ್’, ‘ಸ್ಟಾರ್ಟ್ 8’ ಮುಂತಾದ ತಂತ್ರಾಂಶ ಕೊಟ್ಟರು. ಜನ ಅವನ್ನು ಹಾಕಿಕೊಂಡರು.

ಗೀಗೀ ಮೇಳದಾಗ ಹಾಡುವ ನನಗೆ ಈ ಸಿಟ್ಟು ತಿಳೀತದ. ಮುಂದಿನವ ಯಾರಿಗೂ ಹೇಳದೆ ನಡುವೇ ಧಾಟಿ ಬದಲಿಸಿದರ ಹಿಮ್ಮೇಳದವರು ಸೂರು ಹಿಡಿಯೂದೆಲ್ಲಿ? ಹೊಸ ಧಾಟಿ ಕೆಟ್ಟದ್ದೇ ಇರಬೇಕಂತಿಲ್ಲ. ಸಂಗಡ ಹಾಡುವವರನ್ನ ಕೇಳದೆ ಬದಲಿಸಿದ್ದು ತಪ್ಪು.

ಕಡೀಗೆ ಕಂಪನಿ ಸೋತಿತು. 2013ರ ಅಕ್ಟೋಬರ್ 17ರ ವಿಂಡೋಸ್ 8.1ರಲ್ಲಿ ಬಟನ್ ತಿರುಗಿ ಬಂತು, ಆದರ ಹಳೇ ಯಾದಿ ಬರಲಿಲ್ಲ. ಯಾದಿ ಬಂದದ್ದು 2015ರ ಜುಲೈ 29ರ ವಿಂಡೋಸ್ 10ರಲ್ಲಿ. 9 ಅನ್ನುವ ಹೆಸರನ್ನೇ ಹಾರಿಸಿ 10ಕ್ಕ ಹೋದರು. ಮೊದಲ ವರ್ಷ 7 ಮತ್ತು 8.1 ಇದ್ದವರಿಗೆ ಪುಕ್ಕಟೆ ಕೊಟ್ಟರು.

ಇಷ್ಟೆಲ್ಲ ಗದ್ದಲದಾಗ ಒಂದು ಸಂಗತಿ ಮುಚ್ಚಿಹೋಯಿತು. ಅದೇ ವಿಂಡೋಸ್ 8ರಲ್ಲಿ ‘ನಿರ್ಮಲಾ’ ಅನ್ನುವ ಹೊಸ ಅಕ್ಷರ ಬಂತು. ಕನ್ನಡ ಸಹಿತ ನಮ್ಮ ದೇಶದ ಹಲವು ಲಿಪಿಗಳು ಅದೊಂದರಾಗೇ ಇವೆ. 2010ರಲ್ಲಿ ಸರಕಾರ ಒಪ್ಪಿದ ₹ ಚಿಹ್ನೆಗೂ ಅದರಾಗ ಜಾಗ. ಬಟನ್ ಹೋದದ್ದಕ್ಕೆ ಒಂದೇ ವರ್ಷದಾಗ ಉತ್ತರ ಸಿಕ್ಕಿತು, ಯಾಕಂದ್ರ ರೊಕ್ಕ ಕೊಟ್ಟು ಕೊಳ್ಳುವ ಮಂದಿ ಕೂಗಿದರು. ಕನ್ನಡ ಅಕ್ಷರಕ್ಕೆ 1995ರಿಂದ 2001ರ ತನಕ ಕಾಯಬೇಕಾಯಿತು. ಅಷ್ಟರ ತನಕ ನಮ್ಮವರು ಕೆಲವರು ಸುಮ್ಮನ ಕೂಡಲಿಲ್ಲ ಅನ್ನೂದೇ ಸಮಾಧಾನ.

ಅಕ್ಕಲಕೋಟೆ ತಾಲೂಕಿನ ರೈತರಿಗೆ ಇದರಿಂದ ಏನಾಗಬೇಕು? 2021ರ ಆಗಸ್ಟ್ 15ರಿಂದ ಮಹಾರಾಷ್ಟ್ರದಾಗ ಇ-ಪೀಕ್ ಪಾಹಣಿ ಬಂತು. ಮೊದಲು ತಲಾಠಿ ಬರೆಯುತ್ತಿದ್ದ ಬೆಳೆಯನ್ನು ಈಗ ರೈತನೇ ಹೊಲದಾಗ ನಿಂತು, ಫೋಟೋ ತಗದು, ಮೊಬೈಲಿನಿಂದ ದಾಖಲಿಸಬೇಕು. ಅದು ಆಗದಿದ್ದರ ಸಾತ್‌ಬಾರಾ ಉತಾರಾದ ಮ್ಯಾಲೆ ಬೆಳೆ ಕಾಣೂದಿಲ್ಲ. ನುಕಸಾನದ ಪರಿಹಾರಕ್ಕ ಅಡಚಣಿ. ದೊಡ್ಡ ಮೊಬೈಲ್ ಇಲ್ಲದವರು, ಓದಲು ಬಾರದವರು, ಮನಿಯಾಗ ಕನ್ನಡ ಬಿಟ್ಟು ಬೇರೆ ಆಡದ ಮುದುಕಿಯರು ಏನು ಮಾಡಬೇಕು? ಇವೂ ಬಟನ್ನಿನಂಥವೇ ಪ್ರಶ್ನೆಗಳು. ಕಟ್ಟಿಮ್ಯಾಲೆ ಕುಂತು ಬೈದರ ಯಾರಿಗೂ ಕೇಳಿಸೂದಿಲ್ಲ. ಎಲ್ಲಿ ತಡೀತದ, ಯಾವ ಮಾತು ತಿಳಿಯೂದಿಲ್ಲ ಅಂತ ಬರೆದು, ಹತ್ತು ಮಂದಿ ಸಹಿ ಹಾಕಿ ತಹಸೀಲಿಗೆ ಕೊಡಬೇಕು.

ನಮ್ಮ ಕನ್ನಡ ಶಾಲಿಯ ಗುರುಗಳಲ್ಲಿ ಒಂದು ವಿನಂತಿ. ಮಕ್ಕಳಿಗೆ ಯೂನಿಕೋಡ್ ಕನ್ನಡದಾಗ ಟೈಪ್ ಮಾಡೂದು ಕಲಿಸಿರಿ. ಊರಿನ ಅಂಥ ಅರ್ಜಿಯನ್ನ ಮರಾಠಿಯೊಳಗೂ ಕನ್ನಡದೊಳಗೂ ಬರೆದುಕೊಡುವ ಹುಡುಗ ಹುಡುಗಿಯರು ಊರಿಗೆ ನಾಲ್ಕು ಮಂದಿ ಇದ್ದರೂ ಸಾಕು.